ಹೆಸರು ಕರೆಯುವವರು

ನರಗುಂದ, ೧೨ ನವೆಂಬರ್ ೨೦೨೫, ಬುಧವಾರ ರಾತ್ರಿ

ಬೆಳವಣಕಿಯ ಈಶಪ್ಪನವರು ಇವತ್ತು ದೇಣಿಗೆ ಪತ್ರಕ್ಕೆ ಸಹಿ ಹಾಕಿದರು. ವಿಶ್ವವಿದ್ಯಾಲಯಕ್ಕೆ ವಾಚನಾಲಯದ ಕಟ್ಟಡ ಬಂತು, ಅದಕ್ಕೆ ದೇಣಿಗೆ ಕೂಡಿಸುವ ನನಗೆ ಕುಲಪತಿಗಳ ಶಹಬ್ಬಾಸ್‌ಗಿರಿ ಬಂತು. ಆದರೂ ಊಟ ಸೇರಲಿಲ್ಲ.

ನನ್ನದೊಂದು ಹಳೆಯ ವರಸೆ. ದೇಣಿಗೆ ಕೇಳುವ ಮೊದಲೇ ಹೆಸರಿನ ಫಲಕ ಮಾಡಿಸಿ ಒಯ್ಯುತ್ತೇನೆ. ತಮ್ಮವರ ಹೆಸರನ್ನು ಹಿತ್ತಾಳೆಯಲ್ಲಿ ಕಂಡವರು ಅದನ್ನು ವಾಪಸು ಕೊಡಲಾರರು. ಹೋದ ವರ್ಷ ತೀರಿಕೊಂಡ ಈಶಪ್ಪನವರ ಮಗಳ ಹೆಸರಿನ ಫಲಕವನ್ನು ಇವತ್ತು ಒಯ್ದಿದ್ದೆ: ಅನ್ನಪೂರ್ಣೇಶ್ವರಿ ವಾಚನಾಲಯ.

ಈಶಪ್ಪನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಲೆಕ್ಕ ಕೂಡಿತು ಅಂದುಕೊಂಡೆ. ಆಗ ಅವರ ಹೆಂಡತಿ ರೇಣುಕವ್ವ ಫಲಕವನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಒರೆಸುತ್ತ ಕೇಳಿದರು: "ಸಾಲ್ಯಾಗ ದಿನಾ ಹಾಜರಿ ತಗೊಳ್ಳಾಕ ಇಕಿ ಹೆಸರ ಕರೀತಿದ್ರು. ನಿಮ್ಮ ಗ್ವಾಡಿ ಮ್ಯಾಲ ಬರದ್ರ ಯಾರ ಕರೀತಾರ್ರಿ?"

"ಏ, ಸುಮ್ನಿರ ನೀ," ಎಂದರು ಈಶಪ್ಪ.

ತೆರಿಗೆ ರಿಯಾಯಿತಿಯಿಂದ ಹಿಡಿದು ಅಣ್ಣತಮ್ಮಂದಿರ ಆಸ್ತಿ ತಕರಾರಿನವರೆಗೆ ಎಲ್ಲಕ್ಕೂ ನನ್ನ ಬಳಿ ಉತ್ತರವಿದೆ. ಇದಕ್ಕೆ ಮಾತ್ರ ಬಾಯಿ ತಾನೇ ಹೇಳಿಬಿಟ್ಟಿತು: "ದಿನಾ ಮುಂಜಾನಿ ಬಾಗಲಾ ತಗಿಯೋ ಮುಂದ ಕರೀತೀವ್ರಿ, ಅವ್ವಾರ."

"ಖರೇನ?"

"ಖರೇ ರೀ."

ಅವರೇ ಗಂಡನ ಕೈಗೆ ಪೆನ್ನು ಕೊಟ್ಟರು.

ಆ ಮಾತನ್ನು ಯಾವ ಕರಾರಿನಲ್ಲಿ ಬರೆಸಲಿ? ವಾಚನಾಲಯದ ಬಾಗಿಲು ತೆಗೆಯುವ ಯಾವ ಸಿಪಾಯಿಗೆ ಒಪ್ಪಿಸಲಿ? ಹೇಗನಿಸುತ್ತದೋ ನೋಡೋಣವೆಂದು ಈಗ ಒಮ್ಮೆ ಮೆಲ್ಲಗೆ ಕರೆದೆ: ಅನ್ನಪೂರ್ಣೇಶ್ವರಿ.

"ಯಾರನ್ನ ಕರಿಯಾಕತ್ತೀರಿ?" ಎಂದಳು ಒಳಗಿಂದ ನನ್ನ ಹೆಂಡತಿ.

"ರೇಣುಕವ್ವಾರ ಮಗಳನ್ನ," ಎಂದೆ.