ರಿಪೇರಿಗೆ ಬಾರದ ಜಾಕೆಟ್ಟು

ಮಂಗಳವಾರ, ಆಗಸ್ಟ್ ೯

ಮಹಡಿ ಮೇಲೆ ಹೊಸದಾಗಿ ಬಾಡಿಗೆಗೆ ಬಂದಿರುವ ನರ್ಸ್ ಹುಡುಗಿ ಕೇಳಿದ್ದು ಇನ್ನೂ ತಲೆ ಕೊರೆಯುತ್ತಿದೆ.

"ಅಕ್ಕಾ, ಆಸ್ಪತ್ರೆಯೋರೆಲ್ಲ ರಾಫ್ಟಿಂಗ್ ಹೋಗ್ತಿದ್ದೀವಿ. ಯಾವ ಕಂಪನಿ ಒಳ್ಳೇದು? ಲೈಫ್ ಜಾಕೆಟ್ ಹೊಲಿಯೋರು ನೀವು, ನಿಮಗೆ ಗೊತ್ತಿರುತ್ತಲ್ಲ."

ಗೊತ್ತು. ಸೇತುವೆ ಹತ್ತಿರದ ರಾಫ್ಟಿಂಗ್ ಕಂಪನಿಯವನು ಇವತ್ತೂ ಹನ್ನೆರಡು ಜಾಕೆಟ್ಟು ರಿಪೇರಿಗೆ ತಂದು ಸುರಿದು ಹೋದ. ಒಂದು ಎಳೆ ಬಿಟ್ಟರೂ ತರುತ್ತಾನೆ. ನಾನು ಹೊಲಿದ ಪಟ್ಟಿಯನ್ನು ನನ್ನೆದುರೇ ಜಗ್ಗಿ ನೋಡುತ್ತಾನೆ. ಮೊದಲೆಲ್ಲ ಮೈ ಉರಿಯುತ್ತಿತ್ತು. ಈಗ ಅವನು ಜಗ್ಗಿ ಮುಗಿಸುವವರೆಗೆ ಸುಮ್ಮನೆ ನಿಂತಿರುತ್ತೇನೆ. ಹೊಳೆ ಏರಿದ ದಿನ ಬಂದವರನ್ನು ವಾಪಸು ಕಳಿಸುವವನೂ ಅವನೊಬ್ಬನೇ.

"ಸೇತುವೆ ಹತ್ರದವನ ಜೊತೆ ಹೋಗಮ್ಮ," ಅಂದೆ.

"ಅಯ್ಯೋ, ಅವನ ಜಾಕೆಟ್ಟೆಲ್ಲ ಬರೀ ತೇಪೆ ಅಕ್ಕಾ! ಆಚೆ ದಡದವರದು ನೋಡಿ, ಫಳಫಳ ಅಂತಿದೆ."

"ತೇಪೆ ಇರೋದನ್ನೇ ಹಾಕ್ಕೊಳ್ಳಿ."

ಅಷ್ಟು ಹೇಳಿ ಒಳಗೆ ಬಂದೆ. ಅಳು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಪಾತ್ರೆ ತೊಳೆದೆ.

ನಾಲ್ಕು ವರ್ಷದ ಹಿಂದೆ ನನ್ನ ಯಜಮಾನರೂ ಇದನ್ನೇ ಕೇಳಿದ್ದರು. ಮಿಷಿನ್ನಿನಿಂದ ತಲೆಯನ್ನೂ ಎತ್ತದೆ ಹೇಳಿದ್ದೆ, "ಆಚೆ ದಡದವರ ಜೊತೆ ಹೋಗಿ. ಅವರದು ಒಂದೇ ಒಂದು ಜಾಕೆಟ್ಟೂ ಇದುವರೆಗೆ ರಿಪೇರಿಗೆ ಬಂದಿಲ್ಲ."

ಅವರ ಮೈಮೇಲಿಂದ ಬಿಚ್ಚಿ ಪೊಲೀಸರು ತಂದುಕೊಟ್ಟ ಜಾಕೆಟ್ಟು ಬೀರುವಿನಲ್ಲಿದೆ. ಹೆಗಲ ಪಟ್ಟಿಯ ಹೊಲಿಗೆ ಬಿಟ್ಟಿದೆ, ಬೇರೇನೂ ಆಗಿಲ್ಲ.

ಹತ್ತು ನಿಮಿಷದ ಕೆಲಸ.