ತುಂಗಾಳ ಹೆಸರಿಲ್ಲದ ವಂಶವೃಕ್ಷ

ಮಾನ್ಯ ತಹಶೀಲ್ದಾರರೇ,

ನಿಮ್ಮ ಕಚೇರಿಯ ಮೊಹರು ಬಿದ್ದ ಕಾಗದದ ಪ್ರಕಾರ ಹುಟ್ಟೇ ಇಲ್ಲದ ಹುಡುಗಿಯೊಬ್ಬಳು ಕುರುಬರಹಳ್ಳಿಯ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಹದಿಮೂರರ ಮಗ್ಗಿ ಬರೆಯುತ್ತಿದ್ದಾಳೆ. ಹೆಸರು ತುಂಗಾ, ವಯಸ್ಸು ಹತ್ತು. ಅವಳ ಅಜ್ಜ ಚಿಕ್ಕಮುನಿಯಪ್ಪನವರು ಬಿನ್ನಿಪೇಟೆಯ ಗಿರಣಿಯಲ್ಲಿ ದುಡಿದು ಕಟ್ಟಿಸಿದ ಎದುರು ಮನೆಯಲ್ಲಿ ಕಾನೂನಿನ ಪ್ರಕಾರ ಅರ್ಧ ಪಾಲು ಅವಳದು. ಆ ಮನೆ ಬರುವ ತಿಂಗಳು ಪೂರ್ತಿಯಾಗಿ ಬೇರೆಯವರ ಹೆಸರಿಗೆ ನೋಂದಣಿಯಾಗಲಿದೆ. ಅದನ್ನು ತಡೆಯಬಲ್ಲವರು ನೀವು. ಅದಕ್ಕೆ ದಾರಿ ಮಾಡಿಕೊಟ್ಟವರೂ ನೀವೇ. ಜೊತೆಗೆ ನಾನೂ ಇದ್ದೇನೆ, ಅದನ್ನು ಮುಚ್ಚಿಡುವುದಿಲ್ಲ.

ಮೊದಲು ನನ್ನ ಪರಿಚಯ. ನಾನು ಕೊಟ್ರಪ್ಪ. ಬಳ್ಳಾರಿ ಕಡೆಯಿಂದ ಬಂದು ರಾಜಾಜಿನಗರದ ಒಂದು ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವನು. ಮದುವೆ ಕರೆಯೋಲೆಯಿಂದ ಹಿಡಿದು ಸರ್ಕಾರಿ ವರದಿಯವರೆಗೆ ಪರರ ತಪ್ಪು ಹುಡುಕುವುದೇ ನನ್ನ ಅನ್ನವಾಗಿತ್ತು. ನಿವೃತ್ತನಾದ ಮೇಲೆ ನಮ್ಮ ಬೀದಿಯಲ್ಲಿ ಯಾರಿಗೆ ಅರ್ಜಿ ಬರೆಯಬೇಕಾದರೂ, ಯಾರ ಕಾಗದಕ್ಕೆ ಸಾಕ್ಷಿ ಸಹಿ ಬೇಕಾದರೂ ನನ್ನ ಬಾಗಿಲಿಗೇ ಬರುತ್ತಾರೆ. ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಚಿಕ್ಕಮುನಿಯಪ್ಪನವರು ಉಯಿಲು ಬರೆಯದೆ ತೀರಿಕೊಂಡು ಆರು ವರ್ಷವಾಯಿತು. ಹಿರಿಯ ಮಗ ಮಹದೇವ್ ತಂದೆಗಿಂತ ಮೊದಲೇ ಮಾಗಡಿ ರಸ್ತೆಯ ಅಪಘಾತದಲ್ಲಿ ಹೋಗಿದ್ದ. ಅವನ ಹೆಂಡತಿ ಹೆರಿಗೆಯಲ್ಲೇ ಕಣ್ಣು ಮುಚ್ಚಿದ್ದಳು. ಅವರಿಬ್ಬರ ಮಗಳೇ ತುಂಗಾ. ಹೀಗೆ ಹಕ್ಕುದಾರರಾಗಿ ಉಳಿದವರು ಮೂವರು: ಅಜ್ಜಿ ಮುನಿತಾಯಮ್ಮ, ಕಿರಿಯ ಮಗ ಕಾಂತರಾಜು ಮತ್ತು ನಾಲ್ಕು ವರ್ಷದ ಈ ಮಗು. ಮನೆಯ ಖಾತೆ ಬದಲಾಗಬೇಕಾದರೆ ಸತ್ತವರ ವಾರಸುದಾರರು ಯಾರೆಂದು ಹೇಳುವ ವಂಶವೃಕ್ಷ ಬೇಕು. ಮೂರೂ ಹೆಸರು ಹಾಕಿ ನಾನೇ ಅರ್ಜಿ ಬರೆದುಕೊಟ್ಟೆ. ಆ ಅರ್ಜಿ ನಿಮ್ಮ ಕಚೇರಿಯಲ್ಲಿ ಎರಡೂವರೆ ವರ್ಷ ಸುಖವಾಗಿ ವಿಶ್ರಾಂತಿ ಪಡೆಯಿತು.

ಕೇಳಿದಾಗಲೆಲ್ಲ ಒಂದೇ ಉತ್ತರ: ಅಪ್ರಾಪ್ತ ವಯಸ್ಕಳಿದ್ದಾಳೆ, ಪಾಲಕರು ಯಾರೆಂದು ನ್ಯಾಯಾಲಯದಿಂದ ಆದೇಶ ತನ್ನಿ. ಯಾರು ಯಾರ ಮಗಳು ಎಂದು ಬರೆಯುವುದಕ್ಕೆ ನ್ಯಾಯಾಲಯದ ಆದೇಶ ಏಕೆ ಬೇಕು ಸ್ವಾಮಿ? ಬೇಕಿಲ್ಲವೆಂದು ನನಗೆ ತಿಳಿದದ್ದು ಬಹಳ ತಡವಾಗಿ, ಒಬ್ಬ ವಕೀಲರಿಂದ. ಅಷ್ಟರಲ್ಲಿ ಎರಡು ಮಳೆಗಾಲ ಕಳೆದು ಆ ಮನೆಯ ತಾರಸಿ ಸೋರಿ, ಮುನಿತಾಯಮ್ಮ ಮಲಗುವ ಕೋಣೆಯ ಗಾರೆ ಉದುರತೊಡಗಿತ್ತು. ದುರಸ್ತಿಗೆ ಬ್ಯಾಂಕ್ ಸಾಲ ಕೇಳಿದರೆ ಖಾತೆ ತೋರಿಸಿ ಎಂದರು.

ಆಗ ನಿಮ್ಮ ಗುಮಾಸ್ತರೊಬ್ಬರು ನಮ್ಮ ಮೇಲೆ ಕರುಣೆ ತೋರಿದರು. ಕಾಂತರಾಜು ಮತ್ತು ನಾನು ಎಷ್ಟನೆಯ ಸಲವೋ ಅವರ ಮೇಜಿನ ಮುಂದೆ ನಿಂತಿದ್ದೆವು.

"ಏನ್ ಸಾರ್, ಓದ್ಕೊಂಡಿರೋ ನೀವೇ ಹಿಂಗ್ ಅಲೆದಾಡಿದ್ರೆ ಹೆಂಗೆ? ಮೈನರ್ ಹೆಸರು ಬಿಟ್ಬಿಡಿ. ಮಗು ಮನೇಲೇ ಇರತ್ತಲ್ವಾ, ಎಲ್ಲಿಗ್ ಹೋಗತ್ತೆ? ದೊಡ್ಡೋಳಾದ್ಮೇಲೆ ಸೇರಿಸ್ಕೊಂಡ್ರಾಯ್ತು."

ಕಾಂತರಾಜು ನನ್ನ ಮುಖ ನೋಡಿದ. "ಅವಳು ನನ್ ಮಗಳಿದ್ದಂಗೆ ಸಾರ್. ನಾನೇನ್ ಅವಳ್ನ ಬಿಟ್ಬಿಡ್ತೀನಾ?" ಎಂದ. ಅವತ್ತು ಅವನು ನಿಜವನ್ನೇ ಹೇಳಿದ್ದ ಎಂದು ಇವತ್ತಿಗೂ ನಂಬಿದ್ದೇನೆ. ಅವನು ಕೆಟ್ಟವನಲ್ಲ. ಕೆಟ್ಟವನಾಗಲು ಅವನಿಗೊಂದು ಸುಲಭದ ದಾರಿ ಬೇಕಿತ್ತು, ಅದನ್ನು ಸರ್ಕಾರವೇ ಮೊಹರು ಹಾಕಿ ಕೊಟ್ಟಿತು.

ಸ್ಥಳ ಮಹಜರಿಗೆ ನಿಮ್ಮ ಸಿಬ್ಬಂದಿ ಬಂದರು. ಪಂಚರಾಗಿ ಸಹಿ ಹಾಕಲು ನೆರೆಹೊರೆಯವರು ಬೇಕು. ನಾನು ಎರಡನೆಯ ಪಂಚ. ಮುನಿತಾಯಮ್ಮ ಎಲ್ಲರಿಗೂ ಕಾಫಿ ಕೊಟ್ಟರು. ನಾನು ಕನ್ನಡಕ ಹಾಕಿಕೊಂಡು ಕಾಗದವನ್ನು ಮೇಲಿನಿಂದ ಕೆಳಗೆ ಓದಿದೆ. ಮಹದೇವನ ಹೆಸರಿನ ಮುಂದೆ 'ಮೃತ' ಎಂದಿತ್ತು, ಅದರ ಪಕ್ಕದಲ್ಲಿ 'ನಿಸ್ಸಂತಾನ' ಎಂದಿತ್ತು. ಬಾಗಿಲು ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿತ್ತು, ಅದನ್ನು ತೋರಿಸಿ ತಿದ್ದಿಸಿದೆ. ಇದನ್ನು ತಿದ್ದಿಸಲಿಲ್ಲ.

ಮುನಿತಾಯಮ್ಮನಿಗೆ ಓದು ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತುವ ಮೊದಲು ಅವರು ನನ್ನನ್ನೇ ಕೇಳಿದರು. "ಅಣ್ಣಾ, ನಮ್ ತುಂಗನ್ ಹೆಸ್ರು ಐತಾ ಅದ್ರಲ್ಲಿ?"

"ಎಲ್ಲಾ ಸರಿಯಾಗಿದೆ ತಾಯಿ, ಒತ್ತಿ" ಎಂದೆ.

ಇಂಕ್ ಪ್ಯಾಡ್ ಹಿಡಿದುಕೊಂಡಿದ್ದವಳು ತುಂಗಾ. ಆಗ ಅವಳಿಗೆ ಏಳು ವರ್ಷ. ಅಜ್ಜಿ ಒತ್ತಿದ ಮೇಲೆ ಆ ಹೆಬ್ಬೆರಳನ್ನು ತನ್ನ ಲಂಗದ ಅಂಚಿನಿಂದ ಒರೆಸಿದಳು, ಬಟ್ಟೆ ಕೊಳೆ ಮಾಡಿಕೊಂಡಳೆಂದು ಬೈಸಿಕೊಂಡಳು. ಎರಡೂವರೆ ವರ್ಷ ಅಲುಗಾಡದ ಕಡತ ಹದಿನೆಂಟು ದಿನದಲ್ಲಿ ಪ್ರಮಾಣಪತ್ರವಾಗಿ ಬಂತು. ಒಂದು ಮಗುವನ್ನು ಅಳಿಸಿದರೆ ನಿಮ್ಮ ಕಚೇರಿ ಎಷ್ಟು ಚುರುಕಾಗಿ ಕೆಲಸ ಮಾಡಬಲ್ಲದು ಎಂದು ಆವತ್ತು ತಿಳಿಯಿತು.

ಕಳೆದ ಆಷಾಢದಲ್ಲಿ ಮುನಿತಾಯಮ್ಮನೂ ಹೋದರು. ಅಲ್ಲಿಯವರೆಗೆ ಆ ಮನೆಯಲ್ಲಿ ಯಾರೂ ಪಾಲಿನ ಮಾತು ಎತ್ತಿರಲಿಲ್ಲ. ಹದಿಮೂರನೆಯ ದಿನ ಕಳೆದ ಮೇಲೆ ಕಾಂತರಾಜು ಮನೆ ಮಾರುವ ಮಾತೆತ್ತಿದ. ತುಂಗಾಳನ್ನು ತಾಯಿಯ ತಂಗಿ ಕಲಾ ಸುಂಕದಕಟ್ಟೆಯ ತನ್ನ ಒಂದು ಕೋಣೆಯ ಮನೆಗೆ ಕರೆದುಕೊಂಡು ಹೋದಳು. ಕಲಾ ಗಾರ್ಮೆಂಟ್ಸ್ ಕೆಲಸದವಳು. ಶಾಲೆ ಇಲ್ಲೇ ಇರುವುದರಿಂದ, ಅವಳು ಕೆಲಸ ಮುಗಿಸಿ ಬರುವವರೆಗೆ ಮಗು ನಮ್ಮಲ್ಲಿರುತ್ತದೆ. ತಾನು ಹುಟ್ಟಿ ಬೆಳೆದ ಮನೆಯನ್ನು ದಿನವೂ ಎದುರಿನಿಂದ ನೋಡುತ್ತದೆ. ಅಲ್ಲಿಗೆ ಕೊಳ್ಳುವವರು ಬಂದು ಗೋಡೆ ತಟ್ಟಿ ನೋಡಿದ ದಿನ, "ತಾತ, ಅವ್ರು ಯಾಕೆ ನಮ್ಮನೆ ಗೋಡೆಗೆ ಹೊಡೀತಿದಾರೆ?" ಎಂದು ಕೇಳಿತು.

ನಾನು ಕಾಂತರಾಜುವನ್ನು ಹೋಗಿ ಕೇಳಿದೆ. ಅವನು ತಲೆ ತಗ್ಗಿಸಿಯೇ ಹೇಳಿದ: "ನಂಗೂ ಎರಡು ಮಕ್ಕಳಿದಾವೆ ಸಾರ್. ಅವಳ ಮದುವೆ ಟೈಮಲ್ಲಿ ಏನಾದ್ರೂ ಮಾಡ್ತೀನಿ. ಈಗ ಪೇಪರಲ್ಲಿ ಅವಳಿಲ್ವಲ್ಲ. ಆವಾಗ ಸೈನ್ ಹಾಕಿದ್ದು ನೀವೇ ತಾನೇ?" ಮನೆಗೆ ಬಂದರೆ ನನ್ನ ಹೆಂಡತಿ ಅಕ್ಕವ್ವ, "ಕೂಸು ಕಣ್ಣೆದುರಿಗೆ ಕುಂತೈತಿ. ಅದು ಇಲ್ಲಂತ ಬರೆದಿದ್ದಕ್ಕ ಸಹಿ ಹಾಕಾಕ ನಿಮ್ಮ ಕೈಯಾರ ಹೆಂಗ ಬಂತ್ರಿ?" ಎಂದಳು.

ತಿದ್ದುಪಡಿಗೆ ಕಲಾಳಿಂದ ಅರ್ಜಿ ಹಾಕಿಸಿದೆ. ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಪಡಿತರ ಚೀಟಿ, ಎಲ್ಲದರಲ್ಲೂ ತಂದೆಯ ಹೆಸರು ಮಹದೇವ್ ಎಂದೇ ಇದೆ. ಒಂದು ಇಲಾಖೆಯ ಅಕ್ಕಿ ಉಂಡು ಬೆಳೆದ ಹುಡುಗಿ ಇನ್ನೊಂದು ಇಲಾಖೆಗೆ ಹುಟ್ಟೇ ಇಲ್ಲ ಎಂದರೆ ಅದು ಹೇಗೆ? ನಾಲ್ಕು ತಿಂಗಳ ಮೇಲೆ ನಿಮ್ಮ ಹಿಂಬರಹ ಬಂತು: 'ಅಪ್ರಾಪ್ತೆಯ ಹೆಸರು ವಂಶವೃಕ್ಷದಲ್ಲಿ ಇಲ್ಲದಿರುವುದರಿಂದ ಆಕೆಯ ಪರವಾಗಿ ತಿದ್ದುಪಡಿ ಕೋರಲು ಅವಕಾಶವಿರುವುದಿಲ್ಲ.' ಮೂರು ಸಲ ಓದಿದೆ. ಹೆಸರಿಲ್ಲ ಎಂದು ದೂರು ಕೊಟ್ಟರೆ, ಹೆಸರಿಲ್ಲವಾದ್ದರಿಂದ ದೂರು ಕೊಡುವಂತಿಲ್ಲ! ಇದನ್ನು ಬರೆದವರು ಊಟ ಮಾಡಿ ನೆಮ್ಮದಿಯಾಗಿ ಮಲಗಿರಬಹುದೇ? ನ್ಯಾಯಾಲಯಕ್ಕೆ ಹೋಗಿ ಎನ್ನುತ್ತೀರಿ. ಹೊರಟಿದ್ದೇವೆ. ಮಾರಾಟಕ್ಕೆ ತಡೆ ಕೇಳಲು ನಿಮ್ಮ ಕಡತದ ದೃಢೀಕೃತ ನಕಲು ಬೇಕೆಂದು ವಕೀಲರು ಹೇಳಿದ್ದಾರೆ. ಅದಕ್ಕೆ ಅರ್ಜಿ ಕೊಟ್ಟು ಮೂರು ತಿಂಗಳಾಯಿತು. 'ಹುಡುಕ್ತಾ ಇದೀವಿ ಸಾರ್' ಎನ್ನುವುದೇ ಇಲ್ಲಿಯವರೆಗೆ ಸಿಕ್ಕ ನಕಲು.

ಮೊನ್ನೆ ಆ ವಂಶವೃಕ್ಷದ ಜೆರಾಕ್ಸ್ ಪ್ರತಿ ನನ್ನ ಮೇಜಿನ ಮೇಲಿತ್ತು. ತುಂಗಾ ಅಪ್ಪನ ಹೆಸರು ಕಂಡು ಖುಷಿಯಾಗಿ ಬೆರಳಿಟ್ಟಳು. ಆಮೇಲೆ ಬೆರಳು ಪಕ್ಕಕ್ಕೆ ಸರಿಯಿತು. "ತಾತ, ನಿಸ್ಸಂತಾನ ಅಂದ್ರೇನು?"

ಮೂವತ್ತೊಂದು ವರ್ಷ ಪದಗಳ ನಡುವೆ ಬದುಕಿದವನು ನಾನು. "ಗೊತ್ತಿಲ್ಲಮ್ಮ" ಎಂದೆ. "ನಾಳೆ ಮಿಸ್ ಹತ್ರ ಕೇಳ್ತೀನಿ ಬಿಡಿ" ಎಂದಳು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಮುನಿತಾಯಮ್ಮ ಸತ್ತಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಆದ್ದರಿಂದ ಮಾನ್ಯರೇ, ಕೇಳುತ್ತಿರುವುದು ಇಷ್ಟೇ. ಆ ಪ್ರಮಾಣಪತ್ರವನ್ನು ಅಮಾನತಿನಲ್ಲಿಡಿ. ಅದು ವಿವಾದದಲ್ಲಿದೆ ಎಂದು ನೋಂದಣಿ ಕಚೇರಿಗೂ ಖಾತಾ ಕಚೇರಿಗೂ ಒಂದು ಪತ್ರ ಬರೆಯಿರಿ. ಕಡತದ ನಕಲನ್ನು ಈ ವಾರದಲ್ಲೇ ಕೊಡಿ. ನಿಮ್ಮ ಮೇಜಿಗೆ ಬರುವ ಯಾವ ಕುಟುಂಬಕ್ಕೂ ಮಗುವಿನ ಹೆಸರು ಬಿಟ್ಟರೆ ಕೆಲಸ ಬೇಗ ಆಗುತ್ತದೆ ಎಂದು ಇನ್ನು ಮುಂದೆ ಯಾರೂ ಹೇಳದಂತೆ ನೋಡಿಕೊಳ್ಳಿ.

ಇದ್ಯಾವುದೂ ನಿಮ್ಮ ಅಧಿಕಾರ ವ್ಯಾಪ್ತಿಗೆ ಬರುವುದಿಲ್ಲ ಎಂದು ಇನ್ನೊಂದು ಹಿಂಬರಹ ಬರೆಯುವುದಾದರೆ, ಒಂದು ಕೆಲಸವನ್ನಾದರೂ ಮಾಡಿ. ಸರ್ಕಾರಿ ಮಹಜರಿನಲ್ಲಿ ತಿಳಿದೂ ತಿಳಿದೂ ಸುಳ್ಳು ಸಾಕ್ಷಿ ಹೇಳಿದ್ದೇನೆಂದು ಇಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿದ್ದೇನೆ. ನನ್ನ ಮೇಲೆ ಮೊಕದ್ದಮೆ ಹೂಡಿ. ನಾನು ವಕೀಲರನ್ನು ಇಡುವುದಿಲ್ಲ, ಕ್ಷಮೆ ಕೇಳುವುದಿಲ್ಲ, ಕರೆದ ದಿನ ಬಂದು ನಿಲ್ಲುತ್ತೇನೆ. ನಾನು ಹೇಳಿದ ಸುಳ್ಳು ಯಾವುದೆಂದು ದೂರಿನಲ್ಲಿ ನೀವು ಬರೆಯಲೇಬೇಕಾಗುತ್ತದೆ. ಮಹದೇವನಿಗೆ ತುಂಗಾ ಎಂಬ ಮಗಳಿದ್ದಾಳೆ ಎಂದು, ನಿಮ್ಮ ಕಚೇರಿಯ ಕಾಗದದಲ್ಲಿ, ನಿಮ್ಮದೇ ಕೈಬರಹದಲ್ಲಿ.

ಇಂತಿ,
ಓದಿಯೂ ಸಹಿ ಹಾಕಿದ
ಎರಡನೆಯ ಪಂಚ
ಕೊಟ್ರಪ್ಪ, ಕುರುಬರಹಳ್ಳಿ