ನಿಮ್ಮ ಜಗಲಿಯಲ್ಲಿ ಸೋಡಾ ಬೇಡ

ಕುದ್ರೋಳಿ, ಮಂಗಳೂರು
೯ ಏಪ್ರಿಲ್ ೧೯೩೮

ಗುರಿಕಾರ ಚೆನ್ನಪ್ಪ ಭಾವನವರಿಗೆ ಐತಪ್ಪನ ನಮಸ್ಕಾರ.

ಮಗಳು ಕುಮುದಿನಿಯ ಮದುವೆಗೆ ಹೇಳಲು ನಾಳೆ ನಿಮ್ಮ ಮನೆಗೆ ಬರುತ್ತೇನೆ. ಒಂದು ಉಪಕಾರವಾಗಬೇಕು. ನನಗಾಗಿ ಸೋಡಾ ಒಡೆಸಬೇಡಿ.

ಮೊದಲಾದರೆ ಮದುವೆಯ ಹೇಳಿಕೆಗೆಂದು ಮನೆಗೆ ಕರೆಯಲು ಹೋದವನಿಗೆ ಬೆಲ್ಲ, ನೀರು ಕೊಟ್ಟರೆ ಮುಗಿಯುತ್ತಿತ್ತು. ಈಗ ಮನೆಮನೆಯಲ್ಲೂ ಶರಬತ್ತು ಬೆರೆಸಿದ ಗೋಲಿ ಸೋಡಾ. ಕುಡಿಯದೆ ಎದ್ದರೆ ಹೇಳಿಕೆ ಸಲ್ಲಲಿಲ್ಲವೆಂದು ಲೆಕ್ಕ. ಫಳ್ನೀರಿನಲ್ಲಿರುವ ಹಲ್ಲಿನ ಡಾಕ್ಟರು ನನ್ನ ಎರಡು ದವಡೆಹಲ್ಲು ಕಿತ್ತು, ಉಳಿದವು ಬೇಕಿದ್ದರೆ ಈ ಸಿಹಿ ಸೋಡಾ ಕಡಿಮೆ ಮಾಡು, ಮೂತ್ರದಲ್ಲೂ ಸಕ್ಕರೆ ಉಂಟು ಎಂದಿದ್ದಾರೆ.

ನಿನ್ನೆ ಅಕ್ಕು ದೊಡ್ಡಮ್ಮನ ಮನೆಯಲ್ಲಿ ಹಲ್ಲುನೋವು ಎಂದು ಹೇಳಿ ನೋಡಿದೆ. "ಹಲ್ಲುನೋವಾ? ಹಾಗಾದ್ರೆ ತಣ್ಣಗೆ ಇನ್ನೊಂದು ಕುಡಿ ಮಾರಾಯ" ಎಂದರು. ಬೇಡವೇ ಬೇಡ ಎಂದಾಗ ಅವರ ಮುಖ ಇಳಿಯಿತು. "ನಮ್ಮ ಮನೆಯದ್ದು ನಿನಗೆ ಆಗುದಿಲ್ವಾ? ಮತ್ತೆ ಮದುವೆಗೆ ನಾವು ಎಂತಕ್ಕೆ ಬರುದು?" ಎರಡನ್ನೂ ಕುಡಿದು ಬಂದೆ. ಇನ್ನೂ ಅರ್ಧ ಕೇರಿ ಬಾಕಿ ಉಂಟು. ಸಾಕಾಗಿದೆ ಭಾವ.

ನೀವು ಕೇರಿಯ ಯಜಮಾನರು; ಗುರಿಕಾರರು ಮಾಡಿದ್ದನ್ನು ಕೇರಿ ಮಾಡುತ್ತದೆ. ನಾಳೆ ಜಗಲಿಯಲ್ಲಿ, ನಾಲ್ಕು ಜನ ನೋಡುವ ಹಾಗೆ, ನನಗೆ ಒಂದು ಚೆಂಬು ಬಾವಿನೀರು ಕೊಡಿ. ನೀವೂ ಅದನ್ನೇ ಕುಡಿಯಿರಿ. ಬೆಲ್ಲವೂ ಬೇಡ.

ಕುಮುದಿನಿ ಏನನ್ನೂ ಕೇಳುವವಳಲ್ಲ. ಮೊನ್ನೆ ಮಾತ್ರ, "ಧಾರೆಯ ಹೊತ್ತಿಗೆ ಬಾಯಿಗೆ ಶಾಲು ಅಡ್ಡ ಹಿಡೀಬೇಡಿ ಅಪ್ಪ, ಒಂದು ಸಲ ನಗಿ" ಎಂದಳು. ಎದುರಿನ ಹಲ್ಲುಗಳು ಅಲ್ಲಾಡುತ್ತಿವೆ. ಅಷ್ಟರವರೆಗಾದರೂ ನಿಲ್ಲಬೇಕು.

ಇತಿ,
ನಿಮ್ಮ ಐತಪ್ಪ